ಮೀನಿನ ಪೆಟ್ಟಿಗೆಯಲ್ಲಿ ಜೇನಿಗೆ ಹೂ

ಮೊದಲ ಮೆಟ್ರೊ ಇನ್ನೂ ಓಡಿಲ್ಲ. ಕೊಚ್ಚಿಯ ಕಲೂರಿನ ಬಸ್ ನಿಲ್ದಾಣದ ಎದುರಿನ ಚಾಯದಂಗಡಿಯಲ್ಲಿ ಮಾತ್ರ ಬೆಳಕು, ಗಾಜಿನ ಲೋಟಗಳ ಸದ್ದು. ಅಲ್ಲಿಂದ ಎರಡು ಓಣಿ ದಾಟಿದರೆ ಸಿಗುವ ಐದು ಮಹಡಿಯ ಅಪಾರ್ಟ್‌ಮೆಂಟಿನ ತಾರಸಿಯ ಬಾಗಿಲು ಕಿರ್ರೆಂದು ತೆರೆದುಕೊಳ್ಳುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಬಕೆಟ್ ಹಿಡಿದು ವಿಜಯಕ್ಕ ಹೊರಗೆ ಬರುತ್ತಾರೆ. ಬಕೆಟಿನಲ್ಲಿರುವುದು ಬೋರಿನ ನೀರಲ್ಲ, ನಲ್ಲಿಯದ್ದೂ ಅಲ್ಲ. ಸೆಕೆಗೆ ಬಾಗಿಲು ಮುಚ್ಚಿ ಮಲಗಿದವರ ಏಸಿಗಳಿಂದ ತೊಟ್ಟಿಕ್ಕಿದ ನೀರು.

ತಾರಸಿಯ ಮೂಡುಗೋಡೆಯುದ್ದಕ್ಕೂ ಬಿಳಿ ಥರ್ಮೋಕೋಲ್ ಪೆಟ್ಟಿಗೆಗಳು ಸಾಲಾಗಿ ಕೂತಿವೆ. ಒಂದು ಕಾಲಕ್ಕೆ ಅವುಗಳಲ್ಲಿ ಮಂಜುಗಡ್ಡೆಯ ನಡುವೆ ಬಂಗುಡೆ, ಬೂತಾಯಿ ಮೀನುಗಳು ಮಲಗಿದ್ದವು. ಈಗ ತುಳಸಿ, ಕಾಮಕಸ್ತೂರಿ, ತುಂಬೆ, ಒಂದೇ ಸುತ್ತು ಎಸಳಿನ ಜೀನಿಯಾ, ಕೆಳಗೆ ಇಳಿಬಿದ್ದ ಪತ್ತುಮಣಿ. ಹತ್ತು ಗಂಟೆಗೆ ಅರಳುವ ಈ ಪುಟ್ಟ ಹೂವಿಗೆ ಮಲಯಾಳಿಗರು ಇಟ್ಟ ಹೆಸರನ್ನೇ ವಿಜಯಕ್ಕನೂ ಬಳಸುತ್ತಾರೆ. ತಗಡಿನ ಮಗ್ಗಿನಿಂದ ಅವರು ನೀರೆರೆಯುವ ರೀತಿ ನೋಡಬೇಕು. ಗಿಡವನ್ನು ಒಂದು ಕೈಯಲ್ಲಿ ಮೆಲ್ಲಗೆ ಬದಿಗೆ ಸರಿಸಿ, ಬುಡಕ್ಕಷ್ಟೇ ಬೀಳುವಂತೆ ಸುರಿಯುತ್ತಾರೆ.

"ಹೂವಿನ ಮೇಲೆ ಹಾಕಿದ್ರೆ ಒಳಗಿದ್ದದ್ದೆಲ್ಲ ತೊಳೆದು ಹೋಗ್ತದೆ. ಪಾಪ, ಅಷ್ಟು ದೂರದಿಂದ ಬಂದವು ಉಪವಾಸ ಹೋಗ್ಬೇಕಾ?"

ಬೆಳಕು ಹರಿಯುತ್ತದೆ. ತುಳಸಿಯ ಕದಿರಿನ ಮೇಲೆ ಒಂದು ತುಡುವೆ ಜೇನು ಬಂದು ಕೂರುತ್ತದೆ. ಕದಿರು ಅದರ ಭಾರಕ್ಕೆ ಇಷ್ಟೇ ಇಷ್ಟು ಬಾಗುತ್ತದೆ. ವಿಜಯಕ್ಕ ಮಗ್ಗನ್ನು ನೆಲದ ಮೇಲಿಟ್ಟು, ಮನೆಗೆ ಬಂದ ನೆಂಟರನ್ನು ನೋಡುವ ಹಾಗೆ ನೋಡುತ್ತಾರೆ. "ಬಂತು. ಇನ್ನು ಎಲ್ಲ ಬರ್ತವೆ." ದಿನಾ ನೋಡುವ ದೃಶ್ಯವೇ. ಆದರೂ ಮುಖದ ತುಂಬ ನಗು.

ವಿಜಯಕ್ಕ ಈ ಕಟ್ಟಡದ ಹೌಸ್‌ಕೀಪಿಂಗ್ ಕೆಲಸದವರು. ಮೆಟ್ಟಿಲು ಗುಡಿಸುವುದು, ಲಿಫ್ಟ್ ಒರೆಸುವುದು, ಕಸ ಬೇರ್ಪಡಿಸಿ ಕೆಳಗಿಳಿಸುವುದು ಅವರ ನೌಕರಿ. ಜೇನಿಗಾಗಿ ಗಿಡ ಬೆಳೆಸಲು ಅವರಿಗೆ ಯಾರೂ ಹೇಳಿಲ್ಲ. ಆದರೂ ಇಂದು ಕಲೂರಿನ ಎಷ್ಟೋ ಬಾಲ್ಕನಿಗಳಲ್ಲಿ, ಅಷ್ಟೇಕೆ, ತಿರುವನಂತಪುರದ ಹತ್ತಿರದ ತುಂಬ ಎಂಬ ಊರಿನ ಕಡಲ ದಂಡೆಯ ಒಂದು ಫ್ಲ್ಯಾಟಿನಲ್ಲಿ ಕೂಡ ಜೇನು ಬರುವಂತಾಗಿದ್ದರೆ ಅದಕ್ಕೆ ಇವರೇ ಕಾರಣ. ಮಲಯಾಳಿಗರಿಗೆ ಇವರು ವಿಜಯೇಚಿ. ಇಲ್ಲಿನ ಬ್ಯಾಂಕು, ಕಸ್ಟಮ್ಸ್ ಕಚೇರಿಗಳಿಗೆ ವರ್ಗವಾಗಿ ಬಂದ ಕನ್ನಡದವರಿಗೆ ವಿಜಯಕ್ಕ.

ಹುಟ್ಟೂರು ಕಾಸರಗೋಡಿನ ಉಪ್ಪಳದ ಹತ್ತಿರ. ಮದುವೆಯಾಗಿ ಕೊಚ್ಚಿಗೆ ಬಂದಾಗ ಗಂಡ ಕಮಲಾಕ್ಷ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸದಲ್ಲಿದ್ದರು. ಒಂದು ಮಳೆಗಾಲ, ಹೊತ್ತ ಮೂಟೆ ಜಾರಿ ಅವರ ಸೊಂಟ ಹಿಡಿದುಕೊಂಡಿತು. ತಿಂಗಳುಗಟ್ಟಲೆ ಚಾಪೆ ಬಿಟ್ಟು ಏಳಲಾಗಲಿಲ್ಲ. ಆಗಲೇ ವಿಜಯಕ್ಕ ಪೊರಕೆ ಹಿಡಿದು ಈ ಕಟ್ಟಡದ ಮೆಟ್ಟಿಲು ಹತ್ತಿದ್ದು. ಮಗಳು ಪ್ರತೀಕ್ಷಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು.

"ಆ ದಿನ ನೆನಪು ಮಾಡಿದ್ರೆ ಈಗ್ಲೂ ಎದೆ ಧಸಕ್ ಅಂತದೆ. ಆದ್ರೆ ಒಂದು ಹೇಳ್ತೇನೆ, ಇವರು ಮಲಗಿದಲ್ಲಿಂದ್ಲೇ ನನ್ನನ್ನು ನಗಿಸ್ತಿದ್ರು. ನಾನು ಹಡಗು ಖಾಲಿ ಮಾಡಿ ಬಂದವ, ನೀನು ಐದು ಮಾಳಿಗೆ ಗುಡಿಸಿ ಇಷ್ಟು ಸುಸ್ತಾ ಅಂತ."

ಕಮಲಾಕ್ಷ ಈಗ ಐಲ್ಯಾಂಡಿನ ಬೋಟ್ ಜೆಟ್ಟಿಯ ಬಳಿ ಒಂದು ಸಣ್ಣ ಚಾಯದಂಗಡಿ ನೋಡಿಕೊಳ್ಳುತ್ತಾರೆ. ಭಾರ ಎತ್ತುವ ಹಾಗಿಲ್ಲ. ಆದರೆ ಮೀನು ಬಂದರಿನವರು ಬಿಸಾಡುವ ಥರ್ಮೋಕೋಲ್ ಪೆಟ್ಟಿಗೆ ಗಾಳಿಯಷ್ಟು ಹಗುರ. ಅವನ್ನು ತಂದು, ತೊಳೆದು, ಬಿಸಿಲಿಗೆ ವಾಸನೆ ಹೋಗುವವರೆಗೆ ಒಣಗಿಸಿ, ಕಾಯಿಸಿದ ಕಬ್ಬಿಣದ ಸರಳಿನಿಂದ ತಳಕ್ಕೆ ತೂತು ಕೊರೆದುಕೊಡುವುದು ಅವರ ಪಾಲಿನ ಕೆಲಸ. ತೂತಿನ ಮೇಲೆ ಒಡೆದ ಹಂಚಿನ ಚೂರು, ಅದರ ಮೇಲೆ ತೆಂಗಿನ ನಾರಿನ ಪುಡಿ, ಒಣ ಸೆಗಣಿ, ಕೆಮ್ಮಣ್ಣು. "ಇಷ್ಟು ಸಾಕು. ಗಿಡಕ್ಕೂ ಹಗುರ, ತಾರಸಿಗೂ ಹಗುರ," ಎನ್ನುತ್ತಾರೆ ವಿಜಯಕ್ಕ.

ಎಲ್ಲ ಶುರುವಾದದ್ದು ತರಕಾರಿಯ ಆಸೆಯಿಂದ. ತಾರಸಿಯ ಮೂಲೆಯಲ್ಲಿ ಅವರು ಮೊದಲು ಹಾಕಿದ್ದು ಸಿಹಿಗುಂಬಳ. ಬಳ್ಳಿ ಹಬ್ಬಿತು, ಹಳದಿ ಹೂ ಅರಳಿತು, ಹೀಚೂ ಕಾಣಿಸಿತು. ಎರಡು ದಿನಕ್ಕೆ ಆ ಹೀಚು ಹಳದಿಯಾಗಿ ಉದುರಿತು. ಇನ್ನೊಂದು, ಮತ್ತೊಂದು, ಎಲ್ಲವೂ ಹಾಗೆಯೇ. ಗೊಬ್ಬರ ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದರು. ಕಡಿಮೆಯಾಯಿತೇನೋ ಎಂದು ಮತ್ತೆ ಹಾಕಿದರು. ಒಂದು ಬೆಳಿಗ್ಗೆ ಬಳ್ಳಿಯ ಹತ್ತಿರ ಸುಮ್ಮನೆ ಕೂತಿದ್ದಾಗ ಅವರಿಗೆ ಹೊಳೆದದ್ದು, ಇಲ್ಲಿ ಸದ್ದೇ ಇಲ್ಲವಲ್ಲ ಎಂದು.

"ಊರಲ್ಲಿ ನಮ್ಮ ಮನೆಯ ಮಣ್ಣಿನ ಗೋಡೆಯಲ್ಲಿ ಮುಜಂಟಿ ಜೇನು ಇತ್ತು. ಕುಂಬಳದ ಹೂವಿಗೆ ಕಿವಿ ಇಟ್ರೆ ಒಳಗೆ ಗುಂಯ್ ಗುಂಯ್. ಇಲ್ಲಿ ನೋಡಿದ್ರೆ ಹೂ ಬಿಡ್ತದೆ, ಕಾಯ್ತದೆ, ಬಾಡ್ತದೆ. ಯಾರೂ ಬರುದಿಲ್ಲ. ನನಗೆ ಅಳುವೇ ಬಂತು ಮಾರಾಯ್ರೆ."

ಜೇನನ್ನು ಕರೆಯಲು ಹೂ ಬೇಕು. ಅಷ್ಟು ಗೊತ್ತಿತ್ತು. ಯಾವ ಹೂ ಎಂಬುದು ಗೊತ್ತಿರಲಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ನರ್ಸರಿಯಿಂದ ಗುಲಾಬಿ, ಎಸಳು ಕಿಕ್ಕಿರಿದ ದೊಡ್ಡ ಚೆಂಡುಹೂ, ಇಂಗ್ಲಿಷ್ ಹೆಸರಿನ ಇನ್ನೇನೇನೋ ತಂದರು. ತಾರಸಿ ಮದುವೆಮನೆಯ ಹಾಗೆ ಕಂಡಿತು. ನೆಂಟರು ಮಾತ್ರ ಬರಲಿಲ್ಲ. ಗುಲಾಬಿ ಮುಂಗಾರಿನ ಮೊದಲ ಮಳೆಗೇ ಕೊಳೆಯಿತು.

ದಾರಿ ತೋರಿಸಿದ್ದು ಬಸ್ ನಿಲ್ದಾಣದ ಹಿಂದಿನ ಒಂದು ಖಾಲಿ ಸೈಟು. ಮೊಣಕಾಲೆತ್ತರದ ಕಳೆ ಬೆಳೆದು, ಅದರ ನಡುವೆ ಬಿಳಿ ತುಂಬೆ ಹೂ, ಯಾರೋ ಎಸೆದ ಕಾಮಕಸ್ತೂರಿ. ಮನೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದ ವಿಜಯಕ್ಕನಿಗೆ ಅಲ್ಲಿ ಸದ್ದು ಕೇಳಿಸಿತು. ಬೇಲಿಯ ಸಂದಿಯಲ್ಲಿ ನುಗ್ಗಿ ನೋಡಿದರೆ ತುಂಬೆಯ ಮೇಲೆ ಜೇನು, ಕಾಮಕಸ್ತೂರಿಯ ಮೇಲೆ ಜೇನು. ಬಸ್ಸು ಬಂದು ಹೋಯಿತು. ಇನ್ನೊಂದೂ ಹೋಯಿತು. ಅವರು ಕೂತೇ ಇದ್ದರು. ಮರುದಿನ ಅಲ್ಲಿಂದ ಕೆಲವು ತುಂಬೆ ಸಸಿಗಳು ಮೀನಿನ ಪೆಟ್ಟಿಗೆಗೆ ಬಂದವು.

ಅಲ್ಲಿಂದ ಮುಂದೆ ಅವರದು ನೋಡಿ ನೋಡಿ ಕಲಿತ ವಿದ್ಯೆ. ಕಿಕ್ಕಿರಿದ ಎಸಳಿನ ಹೂ ಬೇಡ, ಒಂದು ಸುತ್ತಿನದೇ ಬೇಕು, ಜೇನಿಗೆ ಒಳಗೆ ಇಳಿಯಲು ಜಾಗ ಬೇಕಲ್ಲ. ಬಿಡಿಬಿಡಿಯಾಗಿ ಒಂದೊಂದು ಗಿಡ ಇಡಬಾರದು, ಒಂದೇ ಬಗೆಯದು ನಾಲ್ಕಾರು ಒಟ್ಟಿಗಿದ್ದರೆ ದೂರದಿಂದಲೇ ಕಾಣುತ್ತದೆ. ತುಳಸಿಯ ಕದಿರು ಚಿವುಟುವವರು ಅರ್ಧ ಚಿವುಟಿ ಅರ್ಧ ಬಿಡಬೇಕು. ಒಗ್ಗರಣೆ ಡಬ್ಬಿಯ ಸಾಸಿವೆ, ಕೊತ್ತಂಬರಿ ಬೀಜ ಚೆಲ್ಲಿದರೂ ಆಯಿತು, ಸೊಪ್ಪು ಕೊಯ್ಯಲು ಮರೆತು ಹೂ ಬಿಡಲು ಬಿಟ್ಟರೆ ಸಾಕು. ಮಳೆಗಾಲಕ್ಕೆ ನರ್ಸರಿಯವರು ಕುಫಿಯ ಎನ್ನುವ ಸಣ್ಣ ನೇರಳೆ ಹೂವಿನ ಗಿಡ, ಅದು ಎಂಥ ಮಳೆಗೂ ಜಗ್ಗುವುದಿಲ್ಲ. ಕೀಟದ ಮದ್ದಂತೂ ಬೇಡವೇ ಬೇಡ.

ತಾರಸಿಗೆ ಮೊದಲ ಜೇನು ಬಂದ ದಿನ ವಿಜಯಕ್ಕ ಲಿಫ್ಟ್ ಒರೆಸುವುದನ್ನೇ ಮರೆತರಂತೆ. ಆ ವರ್ಷ ಸಿಹಿಗುಂಬಳ ಉದುರಲಿಲ್ಲ. ವಾಚ್‌ಮನ್‌ನಿಂದ ಹಿಡಿದು ಲಿಫ್ಟ್ ರಿಪೇರಿಯವನವರೆಗೆ ಎಲ್ಲರ ಮನೆಯಲ್ಲೂ ಕಾಯಿತುರಿ ಹಾಕಿದ ಕುಂಬಳಕಾಯಿ ಎರಿಶ್ಶೇರಿ.

ಆಮೇಲೆ ಬಂತು ಆ ಶುಕ್ರವಾರ.

ಐದನೇ ಮಹಡಿಯಲ್ಲಿರುವ ರತ್ನಾ ಮೈಸೂರಿನವರು, ಕೇಂದ್ರೀಯ ವಿದ್ಯಾಲಯದಲ್ಲಿ ಪಾಠ ಹೇಳಿ ನಿವೃತ್ತರಾದವರು. ತಾರಸಿಯ ತಂತಿಯಿಂದ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡರು. ಟವೆಲಿನ ಮಡಿಕೆಯೊಳಗೆ ಒಂದು ಜೇನು ಇತ್ತು. ಅವರ ಕಿರುಚಾಟಕ್ಕೆ ಎದುರು ಕಟ್ಟಡದ ಕಿಟಕಿಗಳೂ ತೆರೆದುಕೊಂಡವು. ಸಂಜೆಯ ಹೊತ್ತಿಗೆ ಕತ್ತು ಊದಿತ್ತು. ಸಿಟ್ಟು ಅದಕ್ಕಿಂತ ಹೆಚ್ಚು ಊದಿತ್ತು.

ಅಸೋಸಿಯೇಶನ್ ಕಾರ್ಯದರ್ಶಿ ನಿತ್ಯಾನಂದ ಕುಂದಾಪುರದ ಕಡೆಯವರು, ಬ್ಯಾಂಕ್ ಮ್ಯಾನೇಜರ್ ಆಗಿದ್ದವರು. ವಿಜಯಕ್ಕನನ್ನು ಕರೆದು ನೇರವಾಗಿಯೇ ಹೇಳಿದರು. "ವಿಜಯಾ, ನಾಡಿದ್ದು ಆದಿತ್ಯವಾರ ಮೀಟಿಂಗ್ ಇತ್ತ್. ಮದ್ದು ಹೊಡೆಯುವವರನ್ನು ಕರೆಸುವಾ ಅಂತ ಎಲ್ಲರೂ ಹೇಳ್ತಿದ್ದಾರೆ. ಪೆಟ್ಟಿಗೆಗಳನ್ನೂ ತೆಗೀಬೇಕಾಗ್ತದೆ. ನಿನ್ನ ಕೆಲಸಕ್ಕೆ ಏನೂ ಆಗದ ಹಾಗೆ ನಾನು ನೋಡ್ತೆ, ಆದ್ರೆ ಗಿಡದ ಬಗ್ಗೆ ನನ್ನ ಹತ್ರ ಕೇಳ್ಬೇಡ."

ಮದ್ದು ಎಂಬ ಮಾತು ಕೇಳಿ ವಿಜಯಕ್ಕ ನೇರ ತಾರಸಿಗೆ ಹೋಗಿ ಒಂದು ಗಳಿಗೆ ನಿಂತರು. ಆಗ ಕಣ್ಣಿಗೆ ಬಿತ್ತು, ಕಾಮಕಸ್ತೂರಿಯ ಪೆಟ್ಟಿಗೆಗಳೆಲ್ಲ ಬಟ್ಟೆ ಒಣಗಿಸುವ ತಂತಿಯ ಕೆಳಗೇ ಇವೆ. ನೀರು ಹಾಕಲು ಅನುಕೂಲವೆಂದು ಅವರೇ ಇಟ್ಟದ್ದು. ಶನಿವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಸೇರಿ ಪೆಟ್ಟಿಗೆ ಒಂದೊಂದಾಗಿ ಎಳೆದು ಮೂಡುಗೋಡೆಗೆ ಸಾಗಿಸಿದರು. ಕಮಲಾಕ್ಷ ಮಣ್ಣು ತುಂಬಿದ ಪೆಟ್ಟಿಗೆ ಎತ್ತಲು ಹೋದರೆ ವಿಜಯಕ್ಕ ಗದರುವುದು, ಅವರು ನಗುತ್ತಾ ಗೋಣಿಯ ಮೇಲಿಟ್ಟು ಎಳೆಯುವುದು. ತಂತಿಯ ಪಕ್ಕಕ್ಕೆ ಹೂವಿಲ್ಲದ ಕ್ರೋಟನ್, ಲೋಳೆಸರ ಬಂದವು. ಅಡುಗೆಮನೆಗಳ ಸಿಂಕಿಗೆ ಜೇನು ಬಾಯಾರಿ ಬರದಿರಲಿ ಎಂದು ಮಣ್ಣಿನ ತಟ್ಟೆಗಳಲ್ಲಿ ಬೆಣಚುಕಲ್ಲು ಹಾಕಿ ನೀರಿಟ್ಟರು.

ಮೀಟಿಂಗಿನಲ್ಲಿ ಕುರ್ಚಿಗಳ ಹಿಂದೆ ನಿಂತಿದ್ದ ವಿಜಯಕ್ಕನಿಗೆ ಮಾತಾಡಲು ಹೇಳಿದರು. "ಟೀಚರಿಗೆ ನೋವಾದದ್ದು ನಾನು ಪೆಟ್ಟಿಗೆ ಇಟ್ಟ ಜಾಗದಿಂದ. ಜಾಗ ಬದಲು ಮಾಡಿದ್ದೇನೆ. ಒಂದು ತಿಂಗಳು ಕೊಡಿ. ಇನ್ನು ಯಾರಿಗಾದ್ರೂ ಕಚ್ಚಿದ್ರೆ ನಾನೇ ಎಲ್ಲ ತೆಗೆದು ಹಾಕ್ತೇನೆ. ಮದ್ದು ಮಾತ್ರ ಹೊಡೀಬೇಡಿ."

ಎಲ್ಲರೂ ರತ್ನಾ ಅವರ ಮುಖ ನೋಡಿದರು. ಕತ್ತಿಗೆ ಮುಲಾಮು ಹಚ್ಚಿಕೊಂಡು ಅವರು ಮೊದಲ ಸಾಲಿನಲ್ಲಿ ಕೂತಿದ್ದರು. "ಒಂದು ತಿಂಗಳು. ಅದರ ಮೇಲೆ ಒಂದು ದಿನಾನೂ ಇಲ್ಲ," ಅಂದರು. ಅಷ್ಟು ಹೇಳಿ ಎದ್ದು ಹೋದರು. ವಿಜಯಕ್ಕ ಅವರತ್ತ ನೋಡಿ ನಕ್ಕರೂ ಅವರು ನಗಲಿಲ್ಲ.

ರತ್ನಾ ಅವರಿಗೂ ಒಂದು ಹಟವಿತ್ತು. ಅವರ ಬಾಲ್ಕನಿಯ ಹಳೇ ಬಣ್ಣದ ಡಬ್ಬಿಯಲ್ಲಿ ಒಂದು ಹಾಗಲ ಬಳ್ಳಿ. ಕೊಚ್ಚಿಗೆ ಬಂದಾಗಿನಿಂದ ಪ್ರತಿ ವರ್ಷ ಹಾಕುತ್ತಾರೆ, ಪ್ರತಿ ವರ್ಷ ಹೂ ಅರಳಿ ಉದುರುತ್ತದೆ, ಗೊಜ್ಜಿಗೆ ಹಾಗಲಕಾಯಿ ಮಾರ್ಕೆಟ್ಟಿನಿಂದಲೇ ಬರುತ್ತದೆ. ವಿಜಯಕ್ಕ ಸರಿಸಿಟ್ಟ ಕಾಮಕಸ್ತೂರಿಯ ಸಾಲು ಈಗ ಸರಿಯಾಗಿ ಆ ಬಾಲ್ಕನಿಯ ನೆತ್ತಿಯ ಮೇಲೆ ಬಂದಿತ್ತು. ಅದನ್ನು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ.

ತಿಂಗಳು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಮೆಟ್ಟಿಲ ಮೇಲಿಂದ ಕೂಗು ಕೇಳಿಸಿತು. "ವಿಜಯಾ! ಎಲ್ಲಿದ್ದೀಯೇ? ಬೇಗ ಬಾರೇ ಇಲ್ಲಿ!"

ಮತ್ತೆ ಯಾರಿಗೋ ಕಚ್ಚಿತೆಂದೇ ವಿಜಯಕ್ಕ ಪೊರಕೆ ಬಿಸಾಡಿ ಓಡಿದರು. ಬಾಲ್ಕನಿಯಲ್ಲಿ ರತ್ನಾ ನೈಟಿಯಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಅವರ ಬೆರಳು ತೋರಿಸಿದ ಕಡೆ, ಎಲೆಯ ಕೆಳಗೆ, ಮುಳ್ಳುಮುಳ್ಳಾದ ಹಸಿರು ಹಾಗಲದ ಮರಿ. ಹೂ ಬಾಡಿ ತುದಿಯಲ್ಲಿ ಒಣಗಿದೆ, ಕಾಯಿ ಮಾತ್ರ ಗಟ್ಟಿಯಾಗಿ ದಪ್ಪವಾಗಿದೆ. ಅದರ ಪಕ್ಕ ಇನ್ನೊಂದು. ಮೇಲಿನ ಹೂವಿನಲ್ಲಿ ಒಂದು ಜೇನು ತಲೆ ತೂರಿಸಿ ಕೂತಿದೆ.

"ಇದು ಉದುರಲ್ಲ ಅಲ್ವೇನೇ?" ರತ್ನಾ ಪಿಸುಮಾತಿನಲ್ಲಿ ಕೇಳಿದರು, ಜೇನಿಗೆ ಕೇಳಿಸಿಬಿಟ್ಟೀತೆಂಬಂತೆ.

"ಇಲ್ಲ ಟೀಚರೇ. ಇದು ನಿಂತಿತು."

ಇಬ್ಬರೂ ಅಲ್ಲೇ ಕೂತು ನಗತೊಡಗಿದರು. ಆ ವಾರ ವಿಜಯಕ್ಕನ ಮನೆಗೆ ಸ್ಟೀಲ್ ಡಬ್ಬಿಯಲ್ಲಿ ಹಾಗಲಕಾಯಿ ಗೊಜ್ಜು ಬಂತು. ಬೆಲ್ಲ ಹೆಚ್ಚಾಯಿತೆಂದು ಕಮಲಾಕ್ಷ ಗೊಣಗಿದರಂತೆ, ಡಬ್ಬಿ ಖಾಲಿ ಮಾಡಿದ ಮೇಲೆ.

ತಿಂಗಳ ಕೊನೆಯ ಮೀಟಿಂಗಿನಲ್ಲಿ ಗಿಡದ ವಿಷಯವೇ ಬರಲಿಲ್ಲ. ಮುಗಿದ ಮೇಲೆ ನಿತ್ಯಾನಂದ ವಿಜಯಕ್ಕನನ್ನು ಬದಿಗೆ ಕರೆದರು. "ನನಗೂ ಒಂದು ಪೆಟ್ಟಿಗೆ ಕೊಡು ಮಾರಾಯ್ತಿ. ಸುಲಭದ್ದು ಕೊಡು. ನನ್ನ ಕೈಯಲ್ಲಿ ಯಾವ ಗಿಡವೂ ಬದುಕುದಿಲ್ಲೆ."

"ಪತ್ತುಮಣಿ ಕೊಡ್ತೇನೆ ಸರ್. ಕಡ್ಡಿ ಮುರಿದು ಸಿಕ್ಕಿಸಿದ್ರೆ ಸಾಕು. ನೀರು ಹಾಕ್ಲಿಕ್ಕೆ ಮರೆತ್ರೆ ಇನ್ನೂ ಚಂದ ಹೂ ಬಿಡ್ತದೆ. ಬಿಸಿಲು ಮಾತ್ರ ಬೇಕು." ನಿತ್ಯಾನಂದರ ಬಾಲ್ಕನಿಯಲ್ಲಿ ಈಗ ಗುಲಾಬಿ, ಹಳದಿ, ಕೇಸರಿ ಬಣ್ಣದ ಪತ್ತುಮಣಿ ಕಂಬಿಗಳಿಂದಾಚೆ ಚೆಲ್ಲಿ ನಿಂತಿದೆ. ಹತ್ತು ಗಂಟೆಗೆ ಅವರು ಪೇಪರ್ ಹಿಡಿದು ಅಲ್ಲೇ ಕೂರುತ್ತಾರೆ. ಪೇಪರ್ ಓದುವುದು ಕಡಿಮೆಯೆಂದು ಅವರ ಹೆಂಡತಿಯ ದೂರು.

ತಿರುವನಂತಪುರಕ್ಕೆ ಕರೆ ಬಂದದ್ದು ರತ್ನಾ ಅವರಿಂದಲೇ. ಅವರ ಮಗಳು ನಿರ್ಮಲಾ ಇರುವುದು ತುಂಬದಲ್ಲಿ, ಅಳಿಯ ರಾಮಚಂದ್ರ ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್. ಕಡಲಿಗೆ ಮುಖ ಮಾಡಿದ ಫ್ಲ್ಯಾಟ್, ದೊಡ್ಡ ಬಾಲ್ಕನಿ, ಒಂದು ಗಿಡವೂ ಇಲ್ಲ. "ಹೋಗಿ ಅವಳ ಬಾಲ್ಕನಿನೂ ನಗಿಸಿ ಬಾ," ಎಂದು ರತ್ನಾ ರೈಲಿನ ಟಿಕೆಟ್ ತೆಗೆಸಿದರು. ವಿಜಯಕ್ಕ ಎರಡು ಪೆಟ್ಟಿಗೆ ತುಂಬ ಸಸಿ ಹೊತ್ತು ಬೆಳಗಿನ ರೈಲು ಹತ್ತಿದರು. ಸೀಟು ಸಿಗದೆ ಬಾಗಿಲ ಬಳಿ ಪೆಟ್ಟಿಗೆಗೆ ಕಾವಲು ನಿಂತೇ ಹೋದರು.

ಆದರೆ ಕಲೂರಿನಲ್ಲಿ ನಡೆದದ್ದು ತುಂಬದಲ್ಲಿ ನಡೆಯಲಿಲ್ಲ. ವಾರ ಕಳೆಯುವುದರೊಳಗೆ ನಿರ್ಮಲಾ ಕಳಿಸಿದ ಫೋಟೊಗಳಲ್ಲಿ ಜೀನಿಯಾದ ಎಲೆ ಸುಟ್ಟಂತೆ ಕಂದಿತ್ತು, ಕಾಮಕಸ್ತೂರಿ ಮುದುಡಿತ್ತು. ಕಡಲಿನ ಉಪ್ಪುಗಾಳಿ ಎಲ್ಲವನ್ನೂ ಒಣಗಿಸಿತ್ತು.

"ನನಗೆ ನಾಚಿಕೆಯಾಯ್ತು. ಟೀಚರ್ ಅಷ್ಟು ಹೊಗಳಿ ಕಳ್ಸಿದ್ದು, ನಾನು ಹೋಗಿ ಎಲ್ಲ ಕೊಂದು ಬಂದ ಹಾಗಾಯ್ತಲ್ಲ. ಇವರು ಹೇಳಿದ್ರು, ನೀನು ಕೊಚ್ಚಿಯ ಗಿಡ ತುಂಬಕ್ಕೆ ಕೊಂಡುಹೋದ್ದು ಯಾಕೆ, ಅಲ್ಲಿಯದ್ದು ಅಲ್ಲೇ ಇರ್ತದಲ್ಲ ಅಂತ. ಹೌದಲ್ಲ ಅಂತ ಕಂಡಿತು."

ಎರಡನೇ ಸಲ ಅವರು ಬರಿಗೈಯಲ್ಲಿ ಹೋದರು. ನಿರ್ಮಲಾಳನ್ನು ಕರೆದುಕೊಂಡು ಕಡಲಬದಿಯ ಮೀನುಗಾರರ ಓಣಿಗಳಲ್ಲಿ ಬೆಳಿಗ್ಗೆಯೆಲ್ಲ ನಡೆದರು. ಯಾರ ಅಂಗಳದಲ್ಲಿ ಏನು ಬದುಕಿದೆ, ಅದರ ಮೇಲೆ ಜೇನು ಕೂತಿದೆಯೇ, ಅಷ್ಟೇ ನೋಡುತ್ತಾ. ಒಂದು ಮನೆಯ ಮುಂದೆ ಬಲೆ ಬಿಡಿಸುತ್ತಾ ಕೂತಿದ್ದ ಫಿಲೋಮಿನಾ ಎಂಬ ಹೆಂಗಸು, ಕುತೂಹಲ ತಾಳಲಾರದೆ ಏನು ಹುಡುಕುತ್ತಿದ್ದೀರಿ ಎಂದು ಮಲಯಾಳದಲ್ಲಿ ಕೇಳಿದರು. ವಿಜಯಕ್ಕ ಹೇಳಿದರು. ಫಿಲೋಮಿನಾ ಬಲೆ ಬದಿಗಿಟ್ಟು ಎದ್ದೇಬಿಟ್ಟರು. ತನ್ನ ಅಂಗಳದ ಮರಳಿನಿಂದ ಪತ್ತುಮಣಿಯ ಕಡ್ಡಿ, ನಿತ್ಯಪುಷ್ಪದ ಸಸಿ, ಬಾವಿಕಟ್ಟೆಯ ಹಿಂದಿನಿಂದ ತುಂಬೆ ಗಿಡ ಕಿತ್ತು ಬಾಳೆಲೆಯಲ್ಲಿ ಸುತ್ತಿ ಕೊಟ್ಟರು. ತಮ್ಮ ಊರಿಗೆ ಹೆಸರು ಬಂದದ್ದೇ ಈ ತುಂಬೆಯಿಂದ, ಇದನ್ನು ಬಿಟ್ಟು ಏನೇನೋ ನೆಟ್ಟರೆ ಗಾಳಿಗೆ ಸಿಟ್ಟು ಬಾರದೇ ಎಂದು ನಕ್ಕರು. ಚಹಾ ಕುಡಿಯದೆ ಹೋಗಲು ಬಿಡಲಿಲ್ಲ.

ಗಾಳಿ ನೇರ ಬಡಿಯದಂತೆ ಬಾಲ್ಕನಿಯ ಗೋಡೆಯ ಮರೆಗೆ ಪೆಟ್ಟಿಗೆ ಇಟ್ಟರು. ಎಲೆಗಂಟಿದ ಉಪ್ಪು ಹೋಗಲೆಂದು ಸಂಜೆ ಹೊತ್ತು ಸಿಹಿನೀರು ಚಿಮುಕಿಸಲು ನಿರ್ಮಲಾಳಿಗೆ ಹೇಳಿಕೊಟ್ಟರು. ಹೂ ಮುಚ್ಚಿದ ಮೇಲೆ ಮಾತ್ರ.

ಕೆಲವು ವಾರಗಳ ನಂತರ ವಿಜಯಕ್ಕ ಲಿಫ್ಟಿನ ಕನ್ನಡಿ ಒರೆಸುತ್ತಿದ್ದಾಗ ಫೋನು ಬಂತು. ಆ ಕಡೆಯಿಂದ ನಿರ್ಮಲಾಳ ಮಗಳು ಪಾವನಾ. ಕೊಚ್ಚಿ, ತಿರುವನಂತಪುರಗಳಲ್ಲೇ ಬೆಳೆದ ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳ. "ವಿಜಯೇಚೀ, ವನ್ನು! ತೇನೀಚ ವನ್ನು!" ಬಂತು, ಜೇನು ಬಂತು ಎಂದು ಅವಳು ಕಿರುಚುತ್ತಿದ್ದರೆ, ಹಿಂದಿನಿಂದ ರಾಮಚಂದ್ರ "ಮೆಲ್ಲಗೆ, ಹೆದರಿ ಹೋಗುತ್ತೆ," ಎನ್ನುವುದು ಕೇಳಿಸುತ್ತಿತ್ತು. ವಿಜಯಕ್ಕ ಒದ್ದೆ ಬಟ್ಟೆ ಹಿಡಿದು ಲಿಫ್ಟಿನೊಳಗೇ ನಿಂತಿದ್ದರು. ಯಾರೋ ಗುಂಡಿ ಒತ್ತಿದರು. ಅವರು ನಗುತ್ತಾ ಐದನೇ ಮಹಡಿಗೆ ಹೋದರು, ಮತ್ತೆ ಕೆಳಗೆ ಬಂದರು.

ಈಗ ಭಾನುವಾರ ವಿಜಯಕ್ಕನಿಗೆ ಬಿಡುವಿಲ್ಲ. ಹೊಸದಾಗಿ ವರ್ಗವಾಗಿ ಬಂದ ಕುಟುಂಬಗಳು, ಗಿಡ ಸಾಯಿಸಿ ಸೋತವರು, ಬಾಲ್ಕನಿಯಲ್ಲಿ ಒಂದೇ ಒಂದು ಕುಂಡಕ್ಕೆ ಜಾಗವಿರುವವರು ಎಲ್ಲರೂ ಕರೆಯುತ್ತಾರೆ. ಅವರು ಮೊದಲು ಕೇಳುವುದು ಬಿಸಿಲು ಎಷ್ಟು ಹೊತ್ತು ಬರುತ್ತದೆ ಎಂದು. ಎರಡನೆಯದು, ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು. ಮಗಳು ಪ್ರತೀಕ್ಷಾ ಕಾಲೇಜಿಗೆ ಹೋಗುತ್ತಾಳೆ. ಅಮ್ಮ ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ. ಆದರೂ ಅವಳ ಹಾಸ್ಟೆಲಿನ ಕಿಟಕಿಯಲ್ಲಿ ಒಂದು ತುಳಸಿ ಕುಂಡವಿದೆ, ಕದಿರು ಅರ್ಧ ಮಾತ್ರ ಚಿವುಟಿದೆ.

ಜೇನುಪೆಟ್ಟಿಗೆ ಇಟ್ಟು ತುಪ್ಪ ತೆಗೆದು ಮಾರಬಹುದಲ್ಲ ಎಂದು ಹಲವರು ಹೇಳುತ್ತಾರೆ. ವಿಜಯಕ್ಕ ತಲೆಯಾಡಿಸಿ ನಗುತ್ತಾರೆ. ಅವು ಎಲ್ಲಿಂದ ಬರುತ್ತವೆ, ಎಲ್ಲಿ ಗೂಡು ಕಟ್ಟಿವೆ ಎಂದು ಅವರಿಗೆ ಗೊತ್ತಿಲ್ಲ, ಹುಡುಕಲು ಹೋಗಿಯೂ ಇಲ್ಲ. ಹಾಗಾದರೆ ಬೇಕಾದದ್ದೇನು ಎಂದು ಕೇಳಿದಾಗ ಅವರು ತಾರಸಿಯ ಗೋಡೆಗೆ ಮೊಣಕೈ ಊರಿ, ಕೆಳಗಿನ ಓಣಿ, ಅದರಾಚೆಯ ಕಟ್ಟಡಗಳು, ಖಾಲಿ ಬಾಲ್ಕನಿಗಳ ಕಡೆ ಸ್ವಲ್ಪ ಹೊತ್ತು ನೋಡುತ್ತಾರೆ.

"ಎಲ್ಲ ಬಾಲ್ಕನಿಯಲ್ಲೂ ಒಂದೊಂದು ಕುಂಡ ಆಗ್ಬೇಕು. ಹೆಚ್ಚು ಬೇಡ, ಒಂದು ತುಳಸಿ ಆದ್ರೂ ಸಾಕು. ಇಲ್ಲಿಂದ ಹಾರಿದ್ದಕ್ಕೆ ಅಲ್ಲಿ ಕೂರ್ಲಿಕ್ಕೆ, ಅಲ್ಲಿಂದ ಇನ್ನೊಂದು ಕಡೆಗೆ. ಊರಿಗೆ ಹೋಗುವಾಗ ನಮಗೆ ದಾರಿಯಲ್ಲಿ ಚಾಯ ಬೇಕಾಗ್ತದೆ ಅಲ್ವಾ? ಅವಕ್ಕೂ ಹಾಗೇ."